ಜಕಾಲಿನ್‌ಗೆ ಸಕ್ಕರೆ ಕಟ್ಟಲು ಕವಲು ಪೆಪ್ಟೈಡೋ, ಸಾಲು ಪೆಪ್ಟೈಡೋ?

ಜಕಾಲಿನ್ ಹಲಸಿನ ಬೇಳೆಯಲ್ಲಿ ಸಿಗುವ ಪ್ರೋಟೀನು. ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಹಿಡಿಯಲು ಅದಕ್ಕೆ ನಾಲ್ಕು ಜಾಗಗಳಿವೆ, ಆದರೆ ಬಿಡಿ ಸಕ್ಕರೆಯ ಮೇಲೆ ಹಿಡಿತ ಸಡಿಲ. ಅದಕ್ಕೇ ಒಂದೇ ಪೆಪ್ಟೈಡಿಗೆ (ಅಮೈನೋ ಆಮ್ಲಗಳ ಚಿಕ್ಕ ಸರ) ಹಲವು ಸಕ್ಕರೆ ಕಟ್ಟಿ ಹಿಡಿತ ಬಿಗಿ ಮಾಡುವುದು. ಬೇಳೆ ಶಿರಸಿ ಮನೆಯಿಂದ ಬಂತು, ಕೆಲಸ ಕಾರವಾರದ ಲ್ಯಾಬಿನಲ್ಲಿ. ನಾಲ್ಕು ಸಕ್ಕರೆಯ ಎರಡು ಬಗೆ ಮಾಡಿ ನೋಡಿದೆ.

ಕವಲು ಪೆಪ್ಟೈಡ್ ಅಂದರೆ ಒಂದು ಲೈಸೀನ್ (ಅಮೈನ್ ಎಂಬ ಕೈ ಎರಡಿರುವ ಅಮೈನೋ ಆಮ್ಲ) ಮೇಲೆ ಇನ್ನೆರಡು ಲೈಸೀನ್. ತುದಿಗಳು ನಾಲ್ಕಾಗುತ್ತವೆ, ಒಂದೊಂದಕ್ಕೂ ಆಲ್ಕೈನ್ ತುಂಡು, ಸಕ್ಕರೆ ಸಿಕ್ಕಿಸುವ ಕೊಂಡಿ ಅದು. ಸಾಲು ಪೆಪ್ಟೈಡಿನಲ್ಲಿ ಆಲ್ಕೈನ್ ಇರುವ ಅಮೈನೋ ಆಮ್ಲವನ್ನೇ ಪೋಣಿಸುತ್ತೇವೆ, ನಡುವೆ ಗ್ಲೈಸೀನ್ ಮತ್ತು ಸೆರೀನ್ ಅಂತರ. ಎರಡಕ್ಕೂ ಸಕ್ಕರೆ ಜೋಡಿಸಿದ್ದು ತಾಮ್ರದ ಕ್ಲಿಕ್ ರಸಾಯನದಿಂದ, ಅಂದರೆ ಆಲ್ಕೈನನ್ನು ಅಜೈಡ್ ಎಂಬ ಇನ್ನೊಂದು ತುಂಡಿಗೆ ತಾಮ್ರದ ನೆರವಿನಿಂದ ಬೆಸೆಯುವ ಕ್ರಿಯೆ. 2002ರಲ್ಲಿ ರಸಾಯನಜ್ಞರಾದ ಮೆಲ್ಡಾಲ್ ಮತ್ತು ಶಾರ್ಪ್‌ಲೆಸ್ ತಂಡಗಳು ಬೇರೆಬೇರೆಯಾಗಿ ಕಂಡುಕೊಂಡಿದ್ದು, 2022ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಇದಕ್ಕೂ ಪಾಲಿದೆ. ಸಕ್ಕರೆ ಆಲ್ಫಾ ಬಗೆಯದ್ದೇ ಇರಬೇಕು (ಆಲ್ಫಾ, ಬೀಟಾ ಅಂದರೆ ಸಕ್ಕರೆಯ ಕೊಂಡಿ ಯಾವ ದಿಕ್ಕಿಗಿದೆ ಅನ್ನುವುದು). ಬೀಟಾ ಆದರೆ ಜಕಾಲಿನ್‌ನ ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ.

ಮಾಡಲು ಕವಲು ಬೇಗ, ಹಂತಗಳು ಕಡಿಮೆ. ಅಷ್ಟೇ ಅದರ ಸುಖ. ನಾಲ್ಕೂ ತುದಿಗೆ ಒಟ್ಟಿಗೇ ಆಲ್ಕೈನ್ ಕೂರಬೇಕು. ಪೆಪ್ಟೈಡ್ ಕಟ್ಟುವ ರೆಸಿನ್ ಮಣಿಗೆ ನಿನ್‌ಹೈಡ್ರಿನ್ ಎಂಬ ಬಣ್ಣ ಕೊಡುವ ರಾಸಾಯನಿಕ ಹಾಕಿ ಬಿಸಿ ಮಾಡಿದಾಗ ಅದು ನೀಲಿಯಾದರೆ ಎಲ್ಲೋ ಏನೂ ಕೂರದ ಅಮೈನ್ ಉಳಿದಿದೆ ಅಂತ. ಕವಲಿನಲ್ಲಿ ಆ ತಿಳಿನೀಲಿ ಹೋಗುವುದೇ ಇಲ್ಲ! ಮೂರೇ ಸಕ್ಕರೆ ಹತ್ತಿದ ಅಣು ನಾಲ್ಕರದ್ದಕ್ಕೆ ಅಂಟಿಕೊಂಡೇ, ಅಣುಗಳನ್ನು ಬೇರ್ಪಡಿಸುವ ಕಾಲಮ್‌ನಿಂದ ಇಳಿಯುತ್ತದೆ, ಬಿಡಿಸುವಷ್ಟರಲ್ಲಿ ಸಾಕುಸಾಕು. ಸಾಲಿನಲ್ಲಿ ಒಂದೊಂದು ಹಂತವನ್ನೂ ಪರೀಕ್ಷಿಸಿ ಮುಂದೆ ಹೋಗಬಹುದು. ಸಮಯ ಜಾಸ್ತಿ, ತಲೆನೋವು ಕಡಿಮೆ. (ಮಳೆಗಾಲದಲ್ಲಿ ಕಾರವಾರದ ಗಾಳಿ ಗೊತ್ತಲ್ವಾ. ಫ್ರಿಜ್ಜಿನಲ್ಲಿಟ್ಟ ರಾಸಾಯನಿಕದ ಬಾಟಲಿ ತಣ್ಣಗಿರುವಾಗಲೇ ಮುಚ್ಚಳ ತೆರೆಯಬೇಡಿ, ಪುಡಿ ನೀರು ಕುಡಿಯುತ್ತದೆ.)

ಪರೀಕ್ಷೆಗೆ ಕೆಂಪು ರಕ್ತಕಣ ಬಳಸಿದೆ. ಜಕಾಲಿನ್ ಅವನ್ನು ಒಂದಕ್ಕೊಂದು ಅಂಟಿಸಿದರೆ ಪರೀಕ್ಷಾ ತಟ್ಟೆಯ ಗುಂಡಿಯ ತಳದಲ್ಲಿ ಕೆಂಪು ಚಾಪೆ ಹರಡುತ್ತದೆ. ನಮ್ಮ ಅಣು ಅದನ್ನು ತಡೆದರೆ ಕಣಗಳು ಜಾರಿ ಪುಟ್ಟ ಚುಕ್ಕಿಯಾಗಿ ಕೂರುತ್ತವೆ. ಎರಡೂ ಬಿಡಿ ಗ್ಯಾಲಕ್ಟೋಸ್‌ಗಿಂತ ಎಷ್ಟೋ ಮೇಲು, ಸಕ್ಕರೆಗಿಷ್ಟು ಅಂತ ಲೆಕ್ಕ ಹಾಕಿದರೂ. ಚುಕ್ಕಿ ಮೊದಲು ಕಂಡಿದ್ದು ಸಾಲಿನಲ್ಲಿ, ಇನ್ನೂ ತೆಳು ದ್ರಾವಣದಲ್ಲಿ. ರಕ್ತ ಹಾಕದ ಟ್ಯೂಬಿನಲ್ಲಿ ಸಾಲು ಮತ್ತು ಜಕಾಲಿನ್ ಸೇರಿದರೆ ನೀರು ಮಬ್ಬಾಗುತ್ತದೆ. ಎರಡು ಜಕಾಲಿನ್‌ಗಳನ್ನು ಅದು ಒಂದಕ್ಕೊಂದು ಕಟ್ಟಿಹಾಕುತ್ತಿದೆ ಅಂತ ನನ್ನ ಅಂದಾಜು. ಕವಲಿನ ಸಕ್ಕರೆಗಳು ತೀರಾ ಒತ್ತೊತ್ತಾಗಿವೆ, ಹಾಗೆ ಎರಡು ಜಕಾಲಿನ್‌ಗೆ ಎಟುಕುವುದಿಲ್ಲವೇನೋ.

ನಾಲ್ಕು ಸಕ್ಕರೆ ಸಾಕಾದರೆ ನನ್ನ ಆಯ್ಕೆ ಸಾಲು. ಎಂಟು, ಹದಿನಾರು ಬೇಕಾದವರು ಕವಲಿಗೇ ಹೋಗಬೇಕು, ಅಷ್ಟುದ್ದ ಸಾಲು ಕಟ್ಟುತ್ತ ಕೂರಲಾಗುವುದಿಲ್ಲ. ಜೀವಕೋಶಗಳ ಮೇಲೆ ಹಾಕುವ ಮೊದಲು ಮಾತ್ರ ಯಾವುದೇ ಆಗಲಿ, ಲೋಹವನ್ನು ಹಿಡಿದಿಡುವ ಇಡಿಟಿಎ ಹಾಕಿ ಕ್ಲಿಕ್‌ನಿಂದ ಉಳಿದ ತಾಮ್ರ ತೆಗೆಯಿರಿ. ಇಲ್ಲದಿದ್ದರೆ ಕೋಶ ಸತ್ತದ್ದು ಅಣುವಿನಿಂದಲೋ ತಾಮ್ರದಿಂದಲೋ ತಿಳಿಯುವುದಿಲ್ಲ.