ಔಷಧಿಗೆ ಮೊದಲು ಕೊಳ್ಳಬೇಕಿದ್ದ ಅಮೋನಿಯಾ ಕಿಟ್

ಮಡಿಕೇರಿಯ ಮಳೆಗಾಲದಲ್ಲಿ ನಮ್ಮ 60 ಲೀಟರಿನ ತೊಟ್ಟಿಯ ಗೋಲ್ಡ್‌ಫಿಶ್‌ಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದಾಗ, ಅಂಗಡಿಯವರು ನೀರಿನ ಬಗ್ಗೆ ಒಂದು ಮಾತನ್ನೂ ಕೇಳದೆ ನೀಲಿ ಔಷಧಿಯ ಸೀಸೆಯೊಂದನ್ನು ಕೊಟ್ಟು ಕಳುಹಿಸಿದರು. ಅದರಿಂದ ಬಣ್ಣ ಹತ್ತಿದ್ದು ತೊಟ್ಟಿಯ ಸಿಲಿಕೋನ್ ಅಂಚಿಗೆ ಮತ್ತು ನನ್ನ ಬೆರಳಿಗೆ ಮಾತ್ರ.

ಬಳಿಕ ತರಿಸಿಕೊಂಡ, ಹನಿ ಹಾಕಿ ನೋಡುವ ಈ ಕಿಟ್‌ನ ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರ್ ನೀರು ಹಳದಿಯಾಗಿ ಉಳಿಯುವ ಬದಲು ಕಡು ಹಸಿರಾದಾಗ ನಿಜವಾದ ಕಾರಣ ತಿಳಿಯಿತು: ನೀರಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ ಹೆಚ್ಚಾಗಿತ್ತು. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ನಾನಾದರೋ ಎರಡನೆಯ ದಿನವೇ ಮೀನು ಬಿಟ್ಟಿದ್ದೆ. ಮೇವನ್ನು ತಗ್ಗಿಸಿ, ಕ್ಲೋರಿನ್ ತೆಗೆದ ನೀರಿನಿಂದ ದಿನವೂ ಕಾಲು ಭಾಗವನ್ನು ಬದಲಿಸಿದ ಮೇಲೆ ಅವು ಚೇತರಿಸಿಕೊಂಡವು.

ಟ್ಯೂಬ್‌ಲೈಟಿನ ಕೆಳಗೆ ಪಕ್ಕಪಕ್ಕದ ಎರಡು ಹಸಿರುಗಳನ್ನು ಬೇರ್ಪಡಿಸಿ ಓದುವುದು ಕಷ್ಟವೆಂಬುದೇ ಕಿಟ್‌ನ ದೊಡ್ಡ ಕೊರತೆ. ಹಗಲು ಬೆಳಕಿನಲ್ಲಿ ನೋಡೋಣವೆಂದರೆ ಜುಲೈ ತಿಂಗಳ ಮಡಿಕೇರಿಯಲ್ಲಿ ಅದು ಸಿಗುವುದೇ ಅಪರೂಪ. ನೈಟ್ರೈಟ್ ಪರೀಕ್ಷೆಯ ದ್ರಾವಣವನ್ನು ಬೇರೆಯಾಗಿ ಕೊಳ್ಳಬೇಕಾಯಿತು.