ಅಪ್ಪನ ತಣ್ಣನೆ ಕಾಲಿಗೆ ಯಾವ ಶಾಖ? ರಬ್ಬರ್ ಬ್ಯಾಗಾ, ಕರೆಂಟ್ ಬ್ಯಾಗಾ, ಬಕೆಟ್ ನೀರಾ

ವರ್ಷಗಟ್ಟಲೆ ಬೀಡಿ ಸೇದಿ ನಮ್ಮಪ್ಪಂಗೆ ಕಾಲಿನ ರಕ್ತನಾಳ ಕಿರಿದಾಗಿದೆ. ಕಾಲಿನ ಬಿಪಿನ ಕೈ ಬಿಪಿ ಜೊತೆ ಹೋಲಿಸೋ ಟೆಸ್ಟಲ್ಲಿ 0.7 ಬಂತು, 0.9ಕ್ಕಿಂತ ಕಮ್ಮಿ ಇದ್ರೆ ತೊಂದ್ರೆ ಅಂತಾನೇ ಲೆಕ್ಕ. ಶುಗರ್ ಇಲ್ಲ, ಪಾದದಲ್ಲಿ ಸ್ಪರ್ಶ ಸರಿಯಾಗಿದೆ, ಅದನ್ನ ನೋಡಿದ್ಮೇಲೇನೇ ಡಾಕ್ಟರು ಹದವಾಗಿ ಶಾಖ ಕೊಡಿ ಅಂದಿದ್ದು.

ರಬ್ಬರ್ ಬ್ಯಾಗು ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗುತ್ತೆ, ಆದ್ರೆ ಮೊದಲು ಸುಡುತ್ತೆ ಆಮೇಲೆ ತಣ್ಣಗಾಗುತ್ತೆ, ಟವೆಲ್ ಸುತ್ತಿದ್ರೂ ನಿದ್ದೇಲಿ ಹಿಮ್ಮಡಿ ಅದರ ಮೇಲೇ ಊರಿಕೊಂಡು ಕೆಂಪಗಾಗಿರ್ತಿತ್ತು. ರಕ್ತ ಸರಿಯಾಗಿ ಹರಿಯದ ಕಡೆ ಬಿಸಿ ಅಲ್ಲೇ ನಿಂತುಬಿಡುತ್ತೆ, ಅದಕ್ಕೇ ಬೇಗ ಸುಡೋದು. ಉಪ್ಪಿನ ಗಂಟು ಮಂಡಿ ನೋವಿಗೆ ಸರಿ, ಇಂಥ ಪಾದಕ್ಕೆ ಬೇಡವೇ ಬೇಡ.

ಕರೆಂಟಿನ ಜೆಲ್ ಬ್ಯಾಗು ಬಿಸಿಯಾದ್ಮೇಲೆ ತಾನೇ ಆಫ್ ಆಗುತ್ತೆ, ತುಂಬಾ ಹೊತ್ತು ಕಾವು ಇರುತ್ತೆ, ಆದ್ರೆ ಒಳಗೆ ಎಷ್ಟು ಬಿಸಿ ಇದೆ ಅಂತ ಗೊತ್ತಾಗಲ್ಲ. ಹಾಗಾಗಿ ಅದನ್ನ ಕಾಲಿಗೆ ಇಡಲ್ಲ, ಪ್ಲಗ್ ತೆಗೆದು ಬಟ್ಟೆ ಸುತ್ತಿ ಸೊಂಟಕ್ಕೆ ಇಡ್ತೀವಿ. ಮೈ ಬೆಚ್ಚಗಾದ್ರೆ ಕಾಲಿನ ರಕ್ತನಾಳಾನೂ ತಾನಾಗೇ ಸಡಿಲ ಆಗುತ್ತೆ, ಪಾದಕ್ಕೆ ಏನೂ ತಾಗಿಸ್ದೇನೇ ಬೆರಳು ಬೆಚ್ಚಗಾಗುತ್ತೆ! ರಾತ್ರಿ ಹೊತ್ತಿಗೆ ನನಗೆ ಇದೇ ಇಷ್ಟ.

ಸಂಜೆಗೆ ಮಾತ್ರ ಬಕೆಟ್ಟೇ ಬೆಸ್ಟು. ಮಗು ಸ್ನಾನಕ್ಕೆ ಬಳಸೋ ಥರ್ಮಾಮೀಟರ್ ಇಟ್ಟು 40 ಡಿಗ್ರಿ ನೋಡ್ಕೊಂಡು ಮೀನಖಂಡ ಮುಳುಗೋವರೆಗೂ ಕಾಲು ಇಳಿಸಿದ್ರೆ ಎಲ್ಲಾ ಕಡೆ ಒಂದೇ ಸಮ ಬಿಸಿ, ನೀರು ಆರಿತು ಅಂತ ಬಿಸಿನೀರು ಹುಯ್ಯೋದಾದ್ರೆ ಕಾಲು ಹೊರಗೆ ತೆಗೆದೇ ಹುಯ್ಬೇಕು. ಹಿಡ್ಕೊಂಡಿರೋ ಮೀನಖಂಡ ಮೆತ್ತಗಾಗೋದು ಕೈಗೇ ಗೊತ್ತಾಗುತ್ತೆ. ಆಮೇಲೆ ಬೆರಳ ಸಂದಿ ಒಣಗಿಸಿ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ಕಾಲುಚೀಲ. ಬಿಪಿ ಮಾತ್ರೆ ತಗೊಳ್ಳೋರು ತಕ್ಷಣ ಎದ್ದು ನಿಲ್ಬೇಡಿ, ಬಿಸಿಗೆ ಬಿಪಿ ಇಳಿದು ತಲೆ ತಿರುಗುತ್ತೆ.

ಶುಗರ್ ಇದ್ದು ಪಾದ ಮರಗಟ್ಟಿದ್ರೆ ಬಕೆಟ್ಟೂ ಬೇಡ, ಬ್ಯಾಗೂ ಬೇಡ. ಗಾಯ ಇದ್ರೆ, ಬೆರಳು ಕಪ್ಪಾಗಿದ್ರೆ, ಸುಮ್ನೆ ಮಲಗಿದ್ರೂ ಕಾಲು ನೋಯ್ತಿದ್ರೆ ಶಾಖ ಬಿಟ್ಟು ಮೊದಲು ಡಾಕ್ಟರ ಹತ್ರ ಹೋಗಿ. ನಮ್ಮ ಚಿಕ್ಕಮ್ಮಂಗೂ ಬಕೆಟ್ ಬೇಕಿತ್ತು, ಆದ್ರೆ ಅವರದ್ದು ಉಬ್ಬಿದ ನರದ ತೊಂದ್ರೆ, ವೆರಿಕೋಸ್, ಬಿಸಿಗೆ ಅದು ಇನ್ನೂ ಹಿಗ್ಗಿ ಕಾಲು ಭಾರ ಆಗುತ್ತೆ, ಅವರಿಗೆ ಕಾಲಡಿ ದಿಂಬಿಟ್ಟು ಎತ್ತರಕ್ಕೆ ಇಟ್ಕೊಂಡು ಮಲಗೋದೇ ಸರಿ.