1 ಜಿಬಿ ಸರ್ವರ್‌ನಲ್ಲಿ ಯಾವ ಡೇಟಾಬೇಸ್ ಬಾಳಿಕೆ ಬರುತ್ತದೆ?

1 ಜಿಬಿ ರ‍್ಯಾಮ್‌ನ ಅಗ್ಗದ ಕ್ಲೌಡ್ ಸರ್ವರ್‌ನಲ್ಲಿ ವೇಗ ದೊಡ್ಡ ವಿಷಯವೇ ಅಲ್ಲ. ತಿಂಗಳುಗಟ್ಟಲೆ ಆ ಕಡೆ ತಲೆ ಹಾಕದಿದ್ದರೂ ನಡೆಯುತ್ತಾ ಇರಬೇಕು, ಅಷ್ಟೇ. ದಾಸ್ತಾನು ಲೆಕ್ಕ ಇಡುವ ನನ್ನದೊಂದು ಚಿಕ್ಕ ಪಿಎಚ್‌ಪಿ ಆಪ್ ಇದೆ. ಅದನ್ನು ಮರಿಯಾಡಿಬಿ, ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಎಂಬ ಮೂರು ಡೇಟಾಬೇಸ್‌ಗಳ ಮೇಲೂ ಓಡಿಸಿ ನೋಡಿದ್ದೇನೆ.

ಮರಿಯಾಡಿಬಿ ಶುರುವಿನಲ್ಲಿ ಏನೂ ತಕರಾರು ಮಾಡಲಿಲ್ಲ. ಒಂದು ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್, ಪಿಎಚ್‌ಪಿ ಎರಡೂ ಒಟ್ಟಿಗೆ ಮೆಮೊರಿ ಕೇಳಿದವು. ಬೆಳಿಗ್ಗೆ ನೋಡಿದರೆ ಆಪ್ ಇಲ್ಲ. ಸರ್ವರ್‌ನ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ಕರ್ನೆಲ್ ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ: ಕಿಲ್ಡ್ ಪ್ರೊಸೆಸ್’. ರ‍್ಯಾಮ್ ಮುಗಿದಾಗ ಲಿನಕ್ಸ್ ಸಾಮಾನ್ಯವಾಗಿ ಜಾಸ್ತಿ ಮೆಮೊರಿ ಹಿಡಿದ ಪ್ರೊಸೆಸ್ಸನ್ನೇ (ಓಡುತ್ತಿರುವ ಪ್ರೋಗ್ರಾಂ) ಕೊಲ್ಲುತ್ತದೆ. ಚಿಕ್ಕ ಸರ್ವರ್‌ನಲ್ಲಿ ಅದು ಹೆಚ್ಚಾಗಿ ಡೇಟಾಬೇಸೇ, ತಪ್ಪು ಯಾರದ್ದೇ ಇರಲಿ. ಬಿದ್ದ ಸೇವೆಗಳನ್ನು ಮತ್ತೆ ಶುರು ಮಾಡುವ ಸಿಸ್ಟಮ್‌ಡಿ ಅದನ್ನು ಎಬ್ಬಿಸಲು ನೋಡಿತ್ತು. ಬಫರ್ ಪೂಲ್‌ಗೆ (ಡೇಟಾ ಇಟ್ಟುಕೊಳ್ಳಲು ಡೇಟಾಬೇಸ್ ಹಿಡಿದಿಡುವ ರ‍್ಯಾಮ್) ಮೆಮೊರಿ ಸಿಗದೆ ಮತ್ತೆ ಮಲಗಿತ್ತು. ರ‍್ಯಾಮ್ ಸಾಲದಾಗ ಡಿಸ್ಕನ್ನೇ ಬಳಸಲು 1 ಜಿಬಿ ಸ್ವಾಪ್ ಫೈಲ್ ಹಾಕಿ, ಪಿಎಚ್‌ಪಿ ವರ್ಕರ್‌ಗಳನ್ನು ಕಡಿಮೆ ಮಾಡಿ, 128 ಎಂಬಿ ಇದ್ದ ಬಫರ್ ಪೂಲನ್ನು 64ಕ್ಕೆ ತಂದ ಮೇಲೆ ಕಾಟ ತಪ್ಪಿತು.

ಪೋಸ್ಟ್‌ಗ್ರೆಸ್ ಒಮ್ಮೆಯೂ ಬೀಳಲಿಲ್ಲ. ಆದರೆ ಒಂದೊಂದು ಕನೆಕ್ಷನ್‌ಗೂ ಅದು ಬೇರೆ ಪ್ರೊಸೆಸ್ ಹುಟ್ಟಿಸುತ್ತದೆ, ಒಂದೊಂದೂ ಮೆಮೊರಿ ತಿನ್ನುತ್ತದೆ. ಹಾಗಾಗಿ ಡೀಫಾಲ್ಟ್ 100 ಕನೆಕ್ಷನ್ ಮಿತಿಯನ್ನು 20ಕ್ಕೆ ಇಳಿಸಿದ್ದೆ. ನನಗೆ ಬೇಸರ ತರಿಸಿದ್ದು ಅಪ್‌ಗ್ರೇಡ್. ವರ್ಷಕ್ಕೊಂದು ದೊಡ್ಡ ಆವೃತ್ತಿ, ಒಂದೊಂದಕ್ಕೂ 5 ವರ್ಷ ಬೆಂಬಲ. ಆವೃತ್ತಿ ಬದಲಾದರೆ ಹಳೆಯ ಡೇಟಾ ಹಾಗೇ ನಡೆಯಲ್ಲ. ಡಂಪ್ (ಇಡೀ ಡೇಟಾದ ಪ್ರತಿ) ತೆಗೆದು ಮತ್ತೆ ತುಂಬಬೇಕು, ಇಲ್ಲವೇ ಅದರದ್ದೇ ಅಪ್‌ಗ್ರೇಡ್ ಟೂಲ್ ಓಡಿಸಬೇಕು. ಅಷ್ಟು ಹೊತ್ತು ಸಾಮಾನ್ಯವಾಗಿ ಎರಡು ಪ್ರತಿಗೂ ಡಿಸ್ಕ್‌ನಲ್ಲಿ ಜಾಗ ಬೇಕಲ್ವಾ?

ಎಸ್‌ಕ್ಯೂಲೈಟ್‌ನಲ್ಲಿ ಕೊಲ್ಲೋಣ ಅಂದರೆ ಬೇರೆ ಪ್ರೊಸೆಸ್ಸೇ ಇಲ್ಲ. ಇಡೀ ಡೇಟಾಬೇಸ್ ಒಂದು ಫೈಲ್. 2004ರಲ್ಲಿ ಬಂದ ಆ ಫೈಲ್ ರೂಪವೇ ಈಗಲೂ ನಡೆಯುತ್ತಿದೆ. ಬರೆದವರು 2050ರವರೆಗೆ ನೋಡಿಕೊಳ್ಳುತ್ತೇವೆ ಅಂದಿದ್ದಾರೆ. ತೊಂದರೆ ಅಂದರೆ, ಒಂದು ಸಲಕ್ಕೆ ಒಬ್ಬರೇ ಬರೆಯಬಹುದು. ‘ಡೇಟಾಬೇಸ್ ಈಸ್ ಲಾಕ್ಡ್’ ಎರರ್ ನನಗೂ ಬಂತು. ಹೊಸ ಬರಹವನ್ನು ಮೊದಲು ಪಕ್ಕದ ಫೈಲ್‌ಗೆ ಹಾಕುವ ವಾಲ್ (WAL) ಮೋಡ್ ಆನ್ ಮಾಡಿ, ಲಾಕ್ ಬಿಡುವವರೆಗೆ ಕಾಯಲು 5 ಸೆಕೆಂಡ್ ಬ್ಯುಸಿ ಟೈಮ್‌ಔಟ್ ಕೊಟ್ಟ ಮೇಲೆ ಹೋಯಿತು. ಬ್ಯಾಕಪ್‌ಗೆ ಮಾತ್ರ ಆ ಫೈಲನ್ನು ಸುಮ್ನೆ ಕಾಪಿ ಮಾಡಬೇಡಿ. ಈಗಷ್ಟೇ ಬರೆದದ್ದು ಪಕ್ಕದ ವಾಲ್ ಫೈಲ್‌ನಲ್ಲೇ ಕೂತಿರಬಹುದು. ಅದರದ್ದೇ ಬ್ಯಾಕಪ್ ಕಮಾಂಡ್ ಇದೆ, ಅದನ್ನು ಬಳಸಿ.

ದಾಸ್ತಾನು ಆಪ್ ಈಗ ಎಸ್‌ಕ್ಯೂಲೈಟ್ ಮೇಲಿದೆ. ವರ್ಡ್‌ಪ್ರೆಸ್ ಇರುವ ಇನ್ನೊಂದು ಸರ್ವರ್‌ನಲ್ಲಿ ಮರಿಯಾಡಿಬಿ ಉಳಿಸಿಕೊಂಡಿದ್ದೇನೆ, ವರ್ಡ್‌ಪ್ರೆಸ್‌ಗೆ ಅಧಿಕೃತವಾಗಿ ಮೈಎಸ್‌ಕ್ಯೂಎಲ್ ಇಲ್ಲವೇ ಮರಿಯಾಡಿಬಿಯೇ ಬೇಕು. ಪೋಸ್ಟ್‌ಗ್ರೆಸ್ ಬೇಕೇ ಬೇಕು ಅನ್ನುವ ಕೆಲಸ ಬಂದರೆ 2 ಜಿಬಿ ಸರ್ವರ್ ತಗೋತೇನೆ.